ಗುಡುಗಿಗೆ ಅಂಜುವ ಮಕ್ಕಳಿಗೆ

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಗುಡುಗು ಜೋರಾಗಿ ಕರೆಂಟೂ ಹೋದಾಗ, ಹೆದರಿದ ಮಗುವನ್ನು ಗದರದೆ ಮೊದಲು ಮಡಿಲಿಗೆ ಎಳೆದುಕೊಳ್ಳಿ. ದೇವರು ಕಾಯುತ್ತಾನೆಂಬ ಮಾತು ಆ ವಯಸ್ಸಿನಲ್ಲಿ ನಂಬಿಕೆಯಾಗುವುದು ತಬ್ಬಿಕೊಂಡ ಕೈಗಳಿಂದಲೇ. ಬಳಿಕ, ಗುಡುಗಿದಾಗ ನಮ್ಮ ಹಿರಿಯರು ಹೇಳಿಸುತ್ತಿದ್ದ ಅರ್ಜುನನ ಹತ್ತು ಹೆಸರುಗಳನ್ನು, ಅಂದರೆ ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಎಂದು ಮೊದಲಾಗುವ ಸಾಲನ್ನು, ಜೊತೆಗೂಡಿ ನಿಧಾನವಾಗಿ ಹೇಳಿ. ಉಸಿರು ಹದಕ್ಕೆ ಬಂದಂತೆ ಭಯವೂ ಇಳಿಯುತ್ತದೆ. ರಣರಂಗದಲ್ಲಿ ಅರ್ಜುನನಿಗೂ ಮೈ ನಡುಗಿತ್ತು, ಆಗಲೂ ಕೃಷ್ಣ ಅವನ ರಥ ಬಿಟ್ಟು ಇಳಿಯಲಿಲ್ಲ ಎಂದು ತಿಳಿಸಿದರೆ, ಹೆದರುವುದು ತಪ್ಪಲ್ಲವೆಂದು ಮಗುವಿಗೆ ಅರ್ಥವಾಗುತ್ತದೆ. ದೇವರು ಶಿಕ್ಷಿಸುತ್ತಾನೆಂದು ಮಾತ್ರ ಎಂದಿಗೂ ಹೆದರಿಸಬೇಡಿ. ಸಿಡಿಲಿರುವಾಗ ಮರದಡಿ ನಿಲ್ಲದೆ ಮನೆ ಸೇರುವುದೂ ದೇವರು ಕೊಟ್ಟ ಬುದ್ಧಿಯೆಂದು ಹೇಳಿ, ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಅಂಗಳಕ್ಕೆ ಬಿಡಬೇಡಿ.