‘ಯು ಆಲ್ ರೈಟ್?’ ಅಂದರೆ ಏನನ್ನಬೇಕು?

ಇಂಗ್ಲೆಂಡಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ. ಕಾರಿಡಾರಿನಲ್ಲಿ ಎದುರಾದ ಸಹೋದ್ಯೋಗಿ ‘ಯು ಆಲ್ ರೈಟ್?’ ಎಂದರು. ನನ್ನ ಮುಖ ಬಾಡಿದೆಯೇನೋ ಅಂದುಕೊಂಡೆ. ರಾತ್ರಿ ನಿದ್ದೆ ಬಾರದ್ದು, ಚಳಿಗೆ ಮಂಡಿ ಹಿಡಿದುಕೊಂಡದ್ದು ಎಲ್ಲ ಹೇಳಿದೆ. ಪಾಪ, ಟೀ ಮಗ್ ಹಿಡಿದುಕೊಂಡೇ ಪೂರ್ತಿ ಕೇಳಿದರು. ಟೀ ಆರಿಹೋಯಿತು. ಅದು ಬರೀ ‘ನಮಸ್ಕಾರ’ ಅಂತ ಗೊತ್ತಾಗಲು ನನಗೆ ತಿಂಗಳು ಬೇಕಾಯಿತು. ನೀವು ಹೊರಟಿದ್ದರೆ ಇದನ್ನು ಓದಿಕೊಂಡು ಹೋಗಿ.

ಮೊದಲನೆಯದಾಗಿ, ಇದನ್ನು ಪ್ರಶ್ನೆ ಅಂದುಕೊಳ್ಳಬೇಡಿ. ನಮ್ಮ ‘ಊಟ ಆಯ್ತಾ?’ ಇದೆಯಲ್ಲ, ಅದೇ ಜಾತಿ. ಎಷ್ಟು ಮುದ್ದೆ, ಏನು ಸಾರು ಅಂತ ಯಾರೂ ಲೆಕ್ಕ ಒಪ್ಪಿಸುವುದಿಲ್ಲ. ‘ಆಯ್ತು, ನಿಮ್ದು?’ ಅಂತೀವಿ, ಮುಗೀತು. ಸುದ್ದಿ ತಿಳಿಸಲು ಅಲ್ಲ, ನಂಟು ಉಳಿಸಿಕೊಳ್ಳಲು ಆಡುವ ಇಂಥ ಮಾತಿಗೆ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ 1923ರಲ್ಲೇ ‘ಫ್ಯಾಟಿಕ್ ಕಮ್ಯೂನಿಯನ್’ ಎಂದು ಹೆಸರಿಟ್ಟರು.

ಹಾಗಾಗಿ ಉತ್ತರವೂ ಅಷ್ಟೇ ಪುಟ್ಟದು: ‘ಯೆಸ್, ಥ್ಯಾಂಕ್ಸ್. ಯು?’ ನಡೆಯುತ್ತಲೇ ಹೇಳಬಹುದು. ಆ ಕೊನೆಯ ‘ಯು?’ ಮರೆಯಬೇಡಿ, ತಿರುಗಿ ಕೇಳದಿದ್ದರೆ ಒರಟಾಗಿ ಕಾಣುತ್ತದೆ. ಅವರು ‘ನಾಟ್ ಟೂ ಬ್ಯಾಡ್’ ಅಂದರೆ ಗಾಬರಿ ಬೇಡ, ಚೆನ್ನಾಗಿಯೇ ಇದ್ದಾರೆ. ಹಳೆಯ ‘ಹೌ ಡು ಯು ಡು?’ ಇನ್ನೂ ತಮಾಷೆ. ಅದಕ್ಕೆ ಸರಿಯಾದ ಉತ್ತರವೂ ‘ಹೌ ಡು ಯು ಡು?’ ಅಂತಲೇ! ಈಗ ಅದು ಕೇಳಿಬರುವುದು ಕಡಿಮೆ.

ಲಿಫ್ಟಿನಲ್ಲೋ, ನೀರು ಕಾಯಲು ಇಟ್ಟ ಕೆಟಲ್ ಮುಂದೆಯೋ ಒಂದು ನಿಮಿಷ ನಿಲ್ಲಬೇಕಾಗಿ ಬಂದರೆ ಹವಾಮಾನ ಇದ್ದೇ ಇದೆ. ಇಬ್ಬರು ಇಂಗ್ಲಿಷರು ಸೇರಿದರೆ ಮೊದಲ ಮಾತು ಅದೇ ಅಂತ ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಜಾನ್ಸನ್ 1758ರಲ್ಲೇ ಬರೆದಿದ್ದರು. ‘ಕೋಲ್ಡ್, ಇಸಿಂಟ್ ಇಟ್?’ ಎಂಬುದರ ಬಾಲ ನಮ್ಮ ‘ಅಲ್ವಾ?’ ಇದ್ದ ಹಾಗೆ. ನೀವು ಹೂಂ ಅನ್ನಲಿ ಅಂತ ಸೇರಿಸಿದ್ದು. ‘ನಿನ್ನೆ ಇನ್ನೂ ಜಾಸ್ತಿ ಇತ್ತು’ ಅಂತ ವಾದಕ್ಕಿಳಿಯಬೇಡಿ. ‘ಫ್ರೀಝಿಂಗ್!’ ಅಂದು ಕೈ ಉಜ್ಜಿಕೊಂಡರೆ ಸಾಕು.

ಸೋಮವಾರವಾದರೆ ‘ಗುಡ್ ವೀಕೆಂಡ್?’ ಕೇಳಿ. ಸಂಬಳ, ವಯಸ್ಸು, ಮದುವೆ ಯಾಕಾಗಿಲ್ಲ, ಇವು ಮಾತ್ರ ಬೇಡವೇ ಬೇಡ. ನಮ್ಮ ಬಸ್ಸಿನಲ್ಲಿ ಅರ್ಧ ಗಂಟೆಯೊಳಗೆ ಮುಗಿಯುವ ವಿಚಾರಣೆ ಅಲ್ಲಿ ವರ್ಷಗಟ್ಟಲೆ ನಡೆಯುವುದಿಲ್ಲ. ಲಂಡನ್ನಿನ ಟ್ಯೂಬ್ ರೈಲಿನಲ್ಲಂತೂ ಪಕ್ಕದವರನ್ನು ಮಾತಾಡಿಸದಿರುವುದೇ ಮರ್ಯಾದೆ.

ಮಾತು ಮುಗಿಸಲು ‘ರೈಟ್...’ ಅಂತ ಎಳೆದರೆ ಹೊರಡುವ ಸೂಚನೆ. ಆಗ ‘ವಿ ಮಸ್ಟ್ ಹ್ಯಾವ್ ಯು ರೌಂಡ್ ಫಾರ್ ಡಿನ್ನರ್’ ಅಂತಲೂ ಅನ್ನಬಹುದು. ಖುಷಿಯಿಂದ ‘ಲವ್ಲಿ!’ ಅನ್ನಿ, ಆದರೆ ಕಾಯಬೇಡಿ. ದಿನ, ಗಂಟೆ ಹೇಳಿದರೆ ಮಾತ್ರ ಅದು ಕರೆ. ಇಲ್ಲದಿದ್ದರೆ ನಮ್ಮ ‘ಒಂದ್ಸಲ ಮನೆ ಕಡೆ ಬನ್ನಿ’ ಇದ್ದ ಹಾಗೆ. ನಾನು ಎರಡು ಶನಿವಾರ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಫೋನಿಗೆ ಕಾದು, ಕೊನೆಗೆ ಉಪ್ಪಿಟ್ಟು ಮಾಡಿಕೊಂಡು ತಿಂದಿದ್ದೇನೆ.