ಲೆನ್ಸ್ ಕೊಳ್ಳುವ ಮುಂಚೆ ರೇಆಪ್ಟಿಕ್ಸ್‌ನಲ್ಲಿ ನೋಡಿದ್ದು

80 ಮಿ.ಮೀ. ಅಗಲ, 500 ಮಿ.ಮೀ. ಫೋಕಸ್ ದೂರದ ಪುಟ್ಟ ಟೆಲಿಸ್ಕೋಪ್ ನಾನೇ ಮಾಡಬೇಕು ಅಂತ ಹಠ ಹಿಡಿದಿದ್ದೆ. ಲೆನ್ಸ್ ವಿನ್ಯಾಸದ ದೊಡ್ಡ ತಂತ್ರಾಂಶಗಳ ಲೈಸೆನ್ಸ್ ಬೆಲೆ ಕೇಳಿ ಸುಮ್ನಾದೆ. ಆಮೇಲೆ ಸಿಕ್ಕಿದ್ದು ರೇಆಪ್ಟಿಕ್ಸ್. ಲೆನ್ಸ್ ಮೂಲಕ ಬೆಳಕಿನ ಕಿರಣ ಹೇಗೆ ಹೋಗುತ್ತದೆ ಅಂತ ಲೆಕ್ಕ ಹಾಕುವ, ಪೈಥಾನ್‌ ಭಾಷೆಯಲ್ಲಿ ಬರೆದ ಮುಕ್ತ ತಂತ್ರಾಂಶ.

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂದೇ ಗಾಜಾದರೆ ಕೆಂಪು ಒಂದು ಕಡೆ, ನೀಲಿ ಇನ್ನೊಂದು ಕಡೆ ಫೋಕಸ್ ಆಗುತ್ತದೆ. ಅದಕ್ಕೇ ಎರಡು ಗಾಜು ಅಂಟಿಸುವುದು. ನಾನು ಹಿಡಿದದ್ದು ಬಿಕೆ7 ಮತ್ತು ಎಫ್2 ಅನ್ನುವ ಎರಡು ಬಗೆಯ ಗಾಜು. ಇವುಗಳ ಅಬ್ಬೆ ಸಂಖ್ಯೆ 64.17 ಮತ್ತು 36.37 (ಈ ಸಂಖ್ಯೆ ಕಡಿಮೆಯಾದಷ್ಟೂ ಗಾಜು ಬಣ್ಣಗಳನ್ನು ಹೆಚ್ಚು ಬೇರೆ ಮಾಡುತ್ತದೆ). ಲೆಕ್ಕದಲ್ಲಿ ಫೋಕಸ್ ದೂರ ಬಿಕೆ7 ಲೆನ್ಸಿಗೆ 216.6 ಮಿ.ಮೀ., ಎಫ್2 ಲೆನ್ಸಿಗೆ ಮೈನಸ್ 382.2 ಬಂತು (ಮೈನಸ್ ಅಂದರೆ ಬೆಳಕನ್ನು ಹರಡುವ ಲೆನ್ಸ್). ಬಿಕೆ7 ಎರಡೂ ಕಡೆ ಸಮನಾಗಿ ಉಬ್ಬಿರಲಿ ಅಂದುಕೊಂಡರೆ ಮೇಲ್ಮೈಯ ತ್ರಿಜ್ಯ 224 ಮಿ.ಮೀ. ಆಸುಪಾಸು. ಮಜಾ ಏನಂದರೆ, ಕೊನೆಯ ಮೇಲ್ಮೈಯ ತ್ರಿಜ್ಯ 4 ಮೀಟರ್ ದಾಟಿತು. ಹೆಚ್ಚುಕಡಿಮೆ ಚಪ್ಪಟೆ! ಚಪ್ಪಟೆ ಅಂತಲೇ ಇಟ್ಟುಕೊಂಡೆ.

ಈ ಅಂಕಿಗಳನ್ನು ರೇಆಪ್ಟಿಕ್ಸ್‌ಗೆ ತುಂಬಿದರೆ ಕಿರಣ ಮೇಲ್ಮೈಗೆ ತಾಗಲೇ ಇಲ್ಲ ಅನ್ನುವ ದೋಷ. ಎರಡು ರಾತ್ರಿ ತಲೆ ಕೆಡಿಸಿಕೊಂಡೆ. ತಪ್ಪು ನನ್ನದೇ. ರೇಡಿಯಸ್ ಮೋಡ್ ಆನ್ ಮಾಡದಿದ್ದರೆ ಅದು ನಾವು ಕೊಟ್ಟ ಅಂಕಿಯನ್ನು ತ್ರಿಜ್ಯ ಅಂತಲ್ಲ, ವಕ್ರತೆ (1 ಭಾಗಿಸು ತ್ರಿಜ್ಯ) ಅಂತ ಓದುತ್ತದೆ. ಅಂದರೆ ನಾನು ಕೂದಲಿಗಿಂತ ಸಣ್ಣ ಗೋಲಿಯಿಂದ 80 ಮಿ.ಮೀ. ಲೆನ್ಸ್ ಕೇಳುತ್ತಿದ್ದೆ!

ಸರಿಪಡಿಸಿದ ಮೇಲೆ ಕೆಂಪು, ನೀಲಿ ಒಂದೇ ಕಡೆ ಕೂತವು. ಹಳದಿ-ಹಸಿರು ಮಾತ್ರ ಸುಮಾರು ಕಾಲು ಮಿ.ಮೀ. ಮುಂದೆಯೇ ನಿಂತಿತು. ಪೈಥಾನ್‌ನ ಗಣಿತದ ಲೈಬ್ರರಿ ಸೈಪೈ ಕೈಗೆ ಕೊಟ್ಟು ತ್ರಿಜ್ಯಗಳನ್ನು ತಿದ್ದಿಸಿದೆ. (ಇಂಥದ್ದೇ ಇನ್ನೊಂದು ಮುಕ್ತ ತಂತ್ರಾಂಶ ಆಪ್ಟಿಲ್ಯಾಂಡ್‌ನಲ್ಲಿ ಈ ಸೌಲಭ್ಯ ಒಳಗೇ ಇದೆ, ಆಗ ಗೊತ್ತಿರಲಿಲ್ಲ.) ಫೋಕಸ್‌ನಲ್ಲಿ ಬೆಳಕು ಮೂಡಿಸುವ ಚುಕ್ಕೆ ಸಣ್ಣದಾಯಿತು, ಆ ಕಾಲು ಮಿ.ಮೀ. ಹೋಗಲಿಲ್ಲ. ಅದು ಗಾಜಿನ ಗುಣ. ಆಕಾರ ತಿದ್ದಿದರೆ ಹೋಗುವಂಥದ್ದಲ್ಲ.

ಒಂದೇ ಒಂದು ಲೆನ್ಸ್ ಉಜ್ಜಿಕೊಡಲು ಯಾರೂ ಒಪ್ಪಲಿಲ್ಲ. ಕೊನೆಗೆ ಹೆಚ್ಚುಕಡಿಮೆ ಅದೇ ಅಳತೆಯ ರೆಡಿಮೇಡ್ ಲೆನ್ಸ್ ನೋಡಿದೆ. ಮಾರುವವರು ಲೆನ್ಸಿನ ವಿನ್ಯಾಸ ಇರುವ ಜೀಮ್ಯಾಕ್ಸ್ (ಲೆನ್ಸ್ ವಿನ್ಯಾಸದ ದೊಡ್ಡ ತಂತ್ರಾಂಶ) ಫೈಲ್ ಕೊಡುತ್ತಾರೆ, ರೇಆಪ್ಟಿಕ್ಸ್ ಅದನ್ನು ತೆರೆಯುತ್ತದೆ. ನನ್ನ ಮಟ್ಟಿಗೆ ಈ ತಂತ್ರಾಂಶದ ದೊಡ್ಡ ಉಪಯೋಗ ಇದೇ. ದುಡ್ಡು ಕೊಡುವ ಮುಂಚೆ ಲೆನ್ಸ್ ಪರೀಕ್ಷೆ ಮಾಡಬಹುದು, ಅಲ್ವಾ? ಸುಮ್ನೆ ಅದನ್ನು ತಿರುಗಿಸಿಯೂ ನೋಡಿದೆ. ಚಪ್ಪಟೆ ಕಡೆ ಆಕಾಶಕ್ಕೆ ಮಾಡಿದರೆ ಚುಕ್ಕೆ ಊದಿಕೊಂಡಿತು. ಲೆನ್ಸ್ ಬಂದ ದಿನವೇ ಅಂಚಿನಲ್ಲಿ ಪೆನ್ಸಿಲ್‌ನಿಂದ ಬಾಣದ ಗುರುತು ಹಾಕಿದೆ.

ಮೊದಲ ರಾತ್ರಿ ಚಂದ್ರನ ಅಂಚಿನಲ್ಲಿ ತೆಳ್ಳನೆಯ ನೇರಳೆ ಗೆರೆ ಕಂಡಿತು. ಪಕ್ಕದಲ್ಲಿದ್ದವರು ಲೆನ್ಸ್ ಕೆಟ್ಟಿದೆಯಾ ಅಂದರು. ಅದೇ ಕಾಲು ಮಿ.ಮೀ. ಅಂದೆ.