ಶಾಲಾ ಮೈದಾನದ ಗೋಡೆಗೆ ಸ್ಫೂರ್ತಿಯ ನುಡಿ ಆರಿಸುವುದು ಹೇಗೆ

ಹೊಸ ಶೈಕ್ಷಣಿಕ ವರ್ಷ ಆರಂಭವಾಗುವ ಹೊತ್ತಿಗೆ, ಇಲ್ಲವೇ ಧ್ಯಾನ್‌ಚಂದ್ ಅವರ ಜನ್ಮದಿನವಾದ ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನ ಹತ್ತಿರವಾದಾಗ, ನಮ್ಮ ಶಾಲೆಗಳ ಕಾಂಪೌಂಡ್ ಗೋಡೆಗಳ ಮೇಲೆ ಸ್ಫೂರ್ತಿಯ ನುಡಿಗಳು ಹೊಸ ಬಣ್ಣದಲ್ಲಿ ಮೂಡುತ್ತವೆ. ಅವುಗಳನ್ನು ಆರಿಸುವ ಹೊಣೆ ಸಾಮಾನ್ಯವಾಗಿ ದೈಹಿಕ ಶಿಕ್ಷಣ ಶಿಕ್ಷಕರ ಮೇಲೆ, ಕೆಲವೊಮ್ಮೆ ಮುಖ್ಯ ಶಿಕ್ಷಕರ ಅಥವಾ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಮೇಲೆ ಬೀಳುತ್ತದೆ. ಈ ಬರಹ ಅವರಿಗಾಗಿ ಮತ್ತು ಊರಿನ ಯುವಕ ಸಂಘದಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಕಬಡ್ಡಿ, ಖೊ ಖೊ ಕಲಿಸುವವರಿಗಾಗಿ. ಇದು ಸಣ್ಣ ಕೆಲಸವೆಂದು ನನಗೆ ಅನ್ನಿಸುವುದಿಲ್ಲ. ಏಕೆಂದರೆ ಮಗುವೊಂದು ವರ್ಷಗಟ್ಟಲೆ ದಿನವೂ ಓದುವ ವಾಕ್ಯವೇ, ಸೋತ ದಿನ ‘ನಾನೇಕೆ ಸೋತೆ’ ಎಂಬ ಪ್ರಶ್ನೆಗೆ ಅದು ತನಗೆ ತಾನೇ ಕೊಟ್ಟುಕೊಳ್ಳುವ ಉತ್ತರವಾಗುತ್ತದೆ.

ಆರಿಸಲು ಕೂರುವ ಮೊದಲು ಭಾರತ ಕ್ರೀಡೆಯಲ್ಲಿ ಹಿಂದೆ ಬಿದ್ದಿರುವುದು ಯಾತರಿಂದ ಎಂಬುದನ್ನು ನೀವು ಸ್ಪಷ್ಟಪಡಿಸಿಕೊಳ್ಳಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 140 ಕೋಟಿ ಜನರ ನಮ್ಮ ದೇಶಕ್ಕೆ ಒಂದು ಬೆಳ್ಳಿ, ಐದು ಕಂಚು ಸೇರಿ 6 ಪದಕಗಳು ಬಂದವು. ಪದಕಪಟ್ಟಿಯಲ್ಲಿ ಸ್ಥಾನ 71. ಅದೇ ಕೂಟದಲ್ಲಿ ಜಮೈಕಾ ಕೂಡ ಒಂದು ಚಿನ್ನ ಸೇರಿದಂತೆ 6 ಪದಕಗಳನ್ನು ಗೆದ್ದಿತು, ಅದರ ಜನಸಂಖ್ಯೆ 30 ಲಕ್ಷವನ್ನೂ ಮುಟ್ಟುವುದಿಲ್ಲ. ಇಂಥ ಲೆಕ್ಕ ಕಂಡೊಡನೆ ನಮ್ಮವರಲ್ಲಿ ಛಲವಿಲ್ಲ, ನಮ್ಮದು ಆಟದ ಮೈಕಟ್ಟಲ್ಲ ಎಂಬ ಮಾತು ಬರುತ್ತದೆ. ಆದರೆ 1960ರ ರೋಮ್‌ನಲ್ಲಿ 400 ಮೀಟರ್ ಓಟದಲ್ಲಿ ನಾಲ್ಕನೆಯವರಾದ ಮಿಲ್ಖಾ ಸಿಂಗ್, 1984ರ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಕಂಚನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಳೆದುಕೊಂಡ ಪಿ.ಟಿ. ಉಷಾ, 2016ರ ರಿಯೊದಲ್ಲಿ ಜಿಮ್ನಾಸ್ಟಿಕ್ಸ್‌ನ ವಾಲ್ಟ್ ವಿಭಾಗದಲ್ಲಿ ನಾಲ್ಕನೆಯವರಾದ ದೀಪಾ ಕರ್ಮಾಕರ್ ಇವರಲ್ಲಿ ಯಾರಿಗೆ ಛಲ ಕಡಿಮೆಯಿತ್ತು? ಲೆಕ್ಕ ಹಾಕಬೇಕಾದದ್ದು ದೇಶದ ಒಟ್ಟು ತಲೆಗಳನ್ನಲ್ಲ. ಹತ್ತು ವರ್ಷ ತುಂಬುವುದರೊಳಗೆ ಒಂದು ಸಮತಟ್ಟಾದ ಮೈದಾನ, ಬಲ್ಲ ಶಿಕ್ಷಕ, ಹೊಟ್ಟೆ ತುಂಬ ಪೌಷ್ಟಿಕ ಊಟ, ಆಡಲು ಮನೆಯವರ ಒಪ್ಪಿಗೆ ಈ ನಾಲ್ಕೂ ಒಟ್ಟಿಗೆ ಸಿಕ್ಕ ಮಕ್ಕಳನ್ನು. ಆ ಲೆಕ್ಕದಲ್ಲಿ ನಮ್ಮದು ಬಹಳ ಸಣ್ಣ ದೇಶ.

ಆದ್ದರಿಂದ ನಾನು ಪಾಲಿಸಬೇಕೆನ್ನುವ ನಿಯಮ ಇದು: ಗೋಡೆಯ ಮೇಲೆ ಮಗುವಿಗೆ ಒಂದು ನುಡಿ ಬರೆದರೆ, ಆ ನುಡಿ ನಿಜವಾಗಲು ಹಿರಿಯರು ಮಾಡಬೇಕಾದ ಕೆಲಸವೊಂದನ್ನು ಸಿಬ್ಬಂದಿ ಕೊಠಡಿಯ ಫಲಕದಲ್ಲಿ ಬರೆಯಬೇಕು. ಹಿರಿಯರ ಸಾಲು ಹೊಳೆಯದಿದ್ದರೆ ಆ ನುಡಿಯನ್ನು ಬಿಟ್ಟುಬಿಡಿ, ಏಕೆಂದರೆ ಅದು ಇಡೀ ಭಾರವನ್ನು ಮಗುವಿನ ಮೇಲೆ ಹೊರಿಸುತ್ತಿದೆ.

ನನಗೆ ಬಹಳ ಇಷ್ಟವಾದ ಗಾದೆಯಿಂದಲೇ ಇದನ್ನು ವಿವರಿಸುತ್ತೇನೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ಮೈದಾನಕ್ಕೆ ಹೇಳಿ ಮಾಡಿಸಿದ ಮಾತು; ಮಣ್ಣಿನಲ್ಲಿ ಹೊರಳುವ ಕಬಡ್ಡಿ ಆಟಗಾರನಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮೊಸರಿನ ಪಾಲು ಯಾರದು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತದಲ್ಲಿ ಹಿಮೊಗ್ಲೋಬಿನ್ ಕಡಿಮೆಯಿದ್ದರೆ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ಅಂಥ ಹುಡುಗಿ 800 ಮೀಟರ್ ಓಟದ ಎರಡನೇ ಸುತ್ತಿನಲ್ಲಿ ನಿಂತುಬಿಟ್ಟರೆ ಅದನ್ನು ಮನೋಬಲದ ಕೊರತೆ ಎನ್ನುವುದು ಅನ್ಯಾಯ. ಉಷಾ ಅವರೇ ಲಾಸ್ ಏಂಜಲೀಸ್‌ನ ಕ್ರೀಡಾಗ್ರಾಮದಲ್ಲಿ ತಮಗೆ ಒಗ್ಗುವ ಪೌಷ್ಟಿಕ ಆಹಾರ ಸಿಗದೆ ಗಂಜಿ, ಉಪ್ಪಿನಕಾಯಿಯಲ್ಲಿ ದಿನ ಕಳೆದುದನ್ನೂ, ಕೊನೆಯ 35 ಮೀಟರ್‌ನಲ್ಲಿ ಅದರ ಪರಿಣಾಮ ಕಂಡುದನ್ನೂ ಹೇಳಿಕೊಂಡಿದ್ದಾರೆ. ಹಾಗಾಗಿ ಈ ಗಾದೆ ಗೋಡೆಗೆ ಬಂದರೆ, ಫಲಕದ ಮೇಲಿನ ಸಾಲು ಹೀಗಿರಲಿ: ಬಿಸಿಯೂಟ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಅಭ್ಯಾಸಕ್ಕೆ ಬರುವ ಪ್ರತಿ ಮಗುವಿಗೂ ತಪ್ಪದೆ ತಲುಪುತ್ತಿದೆಯೇ, ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ನುಂಗುತ್ತಿದ್ದಾರೆಯೇ, ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದವರು ರಕ್ತ ಪರೀಕ್ಷೆ ಮಾಡಿದ್ದಾರೆಯೇ ಎಂಬುದನ್ನು ಇಂಥವರು ನೋಡಿಕೊಳ್ಳುತ್ತಾರೆ ಎಂದು ಹೆಸರು ಸಹಿತ ಬರೆಯಿರಿ. ಬೆಳಗಿನ ಅಭ್ಯಾಸಕ್ಕೆ ಖಾಲಿ ಹೊಟ್ಟೆಯಲ್ಲಿ ಬರುವ ಮಕ್ಕಳಿಗೆ ನೆನೆಸಿದ ಕಡಲೆಕಾಳು, ಶೇಂಗಾ, ಬೆಲ್ಲ ಕೊಡಲು ದಾನಿಗಳನ್ನು ಹುಡುಕುವುದು ಫ್ಲೆಕ್ಸ್‌ಗೆ ದಾನಿಗಳನ್ನು ಹುಡುಕುವುದಕ್ಕಿಂತ ಕಷ್ಟವೇನಲ್ಲ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯನ್ನು ಮಕ್ಕಳ ಗೋಡೆಗಿಂತ ಮುಖ್ಯ ಶಿಕ್ಷಕರ ಕೊಠಡಿಯಲ್ಲಿ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಓಟದ ಕಾಲಿಡುವ ರೀತಿ, ಹಾಕಿ ಕೋಲು ಹಿಡಿಯುವ ಬಗೆ, ಜಿಮ್ನಾಸ್ಟಿಕ್ಸ್‌ಗೆ ಬೇಕಾದ ಮೈ ಬಾಗು ಇವೆಲ್ಲ ಎಳವೆಯಲ್ಲೇ ಕೂಡಿಬರಬೇಕು. ಆದರೆ ವೇಳಾಪಟ್ಟಿಯಲ್ಲಿರುವ ಆಟದ ಪೀರಿಯಡ್ಡು ಪರೀಕ್ಷೆ ಹತ್ತಿರವಾದಂತೆ ಗಣಿತಕ್ಕೋ ವಿಜ್ಞಾನಕ್ಕೋ ಹೋಗಿಬಿಡುತ್ತದೆ, ಹತ್ತನೇ ತರಗತಿಯವರಿಗಂತೂ ಅದು ಹೆಸರಿಗಷ್ಟೇ ಉಳಿಯುತ್ತದೆ. 2020ರ ಫೆಬ್ರುವರಿಯಲ್ಲಿ ಕರಾವಳಿಯ ಕಂಬಳದ ಓಟಗಾರ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದಾಗ, ಅದನ್ನು 100 ಮೀಟರ್‌ಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿ, ಉಸೇನ್ ಬೋಲ್ಟ್‌ನನ್ನು ಮೀರಿಸಿದವನು ಸಿಕ್ಕನೆಂದು ದೇಶವೇ ಸಂಭ್ರಮಿಸಿತು. ಕೇಂದ್ರ ಕ್ರೀಡಾ ಸಚಿವರು ಆಯ್ಕೆ ಪರೀಕ್ಷೆಗೆ ಕರೆ ಕಳುಹಿಸಿದರು. ಗೌಡರು ಮಾತ್ರ ಕಂಬಳದಲ್ಲಿ ಹಿಮ್ಮಡಿಗೆ ಕೆಲಸ, ಟ್ರ್ಯಾಕ್‌ನಲ್ಲಿ ಕಾಲ್ಬೆರಳಿಗೆ ಕೆಲಸ, ಎರಡೂ ಬೇರೆ ಎಂದು ವಿನಯದಿಂದ ಹೇಳಿ ಹಿಂದೆ ಸರಿದರು. ಓಟವನ್ನು ಬಲ್ಲವರ ಮಾತು ಅದು. ತಯಾರಾದ ಪ್ರತಿಭೆಯೊಂದು ಎಲ್ಲಿಂದಲೋ ಇದ್ದಕ್ಕಿದ್ದಂತೆ ಎದ್ದುಬರಲಿ ಎಂಬ ನಿರೀಕ್ಷೆಯೇ ನಮ್ಮ ದೊಡ್ಡ ದೌರ್ಬಲ್ಯ.

ಜಮೈಕಾದವರಿಗೂ ಒಂದು ನೆಚ್ಚಿನ ನುಡಿಯಿದೆ: ನಾವು ಸಣ್ಣವರು, ಆದರೆ ಗಟ್ಟಿಗರು. ಆ ಮಾತಿಗೆ ಬಲ ಬಂದಿರುವುದು 1910ರಿಂದ ನಡೆದುಬಂದಿರುವ ‘ಚಾಂಪ್ಸ್’ ಎಂಬ ಶಾಲಾ ಕ್ರೀಡಾಕೂಟದಿಂದ. ಪ್ರತಿ ವರ್ಷ ಕಿಂಗ್‌ಸ್ಟನ್‌ನ ರಾಷ್ಟ್ರೀಯ ಕ್ರೀಡಾಂಗಣ ಶಾಲಾ ಮಕ್ಕಳ ಓಟ ನೋಡಲು ಬಂದವರಿಂದ ತುಂಬಿಹೋಗುತ್ತದೆ. ಬೋಲ್ಟ್ ಕೂಡ ಅಲ್ಲಿಯೇ ಓಡಿ ಬೆಳೆದವರು. ನಮ್ಮಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಕೊಡಗು. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರಂಥ ಹಾಕಿ ಒಲಿಂಪಿಯನ್ನರನ್ನು ಕೊಟ್ಟ ಆ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು ಐದೂವರೆ ಲಕ್ಷ ಮಾತ್ರ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 350ಕ್ಕೂ ಹೆಚ್ಚು ಕುಟುಂಬಗಳ ತಂಡಗಳು ಆಡಿದವು, ಒಂದೇ ತಂಡದಲ್ಲಿ ಹೆಂಗಸರು, ಮಕ್ಕಳು, ವಯಸ್ಸಾದವರು ಜೊತೆಯಾಗಿ ಕೋಲು ಹಿಡಿದರು. ಅಲ್ಲಿ ಮಗುವಿಗೆ ಆಡು ಎಂದು ಗೋಡೆ ಹೇಳಬೇಕಾಗಿಲ್ಲ, ಮನೆಯೇ ಆಡುತ್ತಿರುತ್ತದೆ. ಉತ್ತರ ಭಾರತದಲ್ಲಿ ಓದಿದವನು ನವಾಬನಾಗುತ್ತಾನೆ, ಆಡಿದವನು ಕೆಡುತ್ತಾನೆ ಎಂಬ ಹಳೆಯ ಮಾತಿದೆ; ನಮ್ಮ ಮನೆಗಳಲ್ಲಿ ‘ಆಡಿದ್ದು ಸಾಕು, ಪುಸ್ತಕ ಹಿಡಿ’ ಎನ್ನುವಾಗ ಅದೇ ಭಯ ಕೆಲಸ ಮಾಡುತ್ತಿರುತ್ತದೆ. ಈ ಭಯವನ್ನು ಮಗುವಿನ ಗೋಡೆಬರಹದಿಂದ ನೀಗಲಾಗದು. ಪೋಷಕರ ಸಭೆಯಲ್ಲಿ ಕ್ರೀಡಾ ವಸತಿ ನಿಲಯಗಳ ಪ್ರವೇಶ, ಪದವಿ ಕಾಲೇಜುಗಳ ಕ್ರೀಡಾ ಕೋಟಾ, ರೈಲ್ವೆ ಮತ್ತು ಪೊಲೀಸ್ ಇಲಾಖೆಗಳ ಕ್ರೀಡಾ ನೇಮಕಾತಿ ಇವುಗಳ ಖಚಿತ ಮಾಹಿತಿಯನ್ನು ಮುಂದಿಟ್ಟು ಮಾತನಾಡಿ. ಹುಡುಗಿಯರ ತಾಯಂದಿರಿಗೆ ಸಂಜೆ ಅಭ್ಯಾಸ ಎಷ್ಟು ಗಂಟೆಗೆ ಮುಗಿಯುತ್ತದೆ, ಮನೆಗೆ ಯಾರು ಜೊತೆಗೆ ಬರುತ್ತಾರೆ, ಶೌಚಾಲಯ ಮತ್ತು ಬಟ್ಟೆ ಬದಲಾಯಿಸುವ ಕೊಠಡಿ ಎಲ್ಲಿದೆ ಎಂಬುದನ್ನು ಮೊದಲೇ ತಿಳಿಸಿ.

ನುಡಿಗಳನ್ನು ಕಲೆಹಾಕುವಾಗ ಅವು ಯಾರವು ಎಂದು ಪರಿಶೀಲಿಸುವುದು ಅಗತ್ಯ. ವಾಟ್ಸ್‌ಆ್ಯಪ್‌ನಲ್ಲಿ ಅಬ್ದುಲ್ ಕಲಾಂ, ವಿವೇಕಾನಂದರ ಹೆಸರಿನಲ್ಲಿ ಅವರು ಹೇಳದ ಎಷ್ಟೋ ಮಾತುಗಳು ಓಡಾಡುತ್ತವೆ. ಬಸವಣ್ಣನವರದೆಂದು ಸಾಮಾನ್ಯವಾಗಿ ಬರೆಯುವ ‘ಕಾಯಕವೇ ಕೈಲಾಸ’ ಎಂಬುದು ನಮಗೆ ಸಿಗುವುದು ಆಯ್ದಕ್ಕಿ ಮಾರಯ್ಯನವರ ವಚನದಲ್ಲಿ. ಭಾಗವಹಿಸುವುದೇ ಮುಖ್ಯ ಎಂಬ ಮಾತನ್ನು 1908ರಲ್ಲಿ ಆಧುನಿಕ ಒಲಿಂಪಿಕ್ಸ್‌ನ ರೂವಾರಿ ಪಿಯರ್ ದ ಕೂಬರ್ತಾನ್ ಪ್ರಚಾರಕ್ಕೆ ತಂದರೂ, ಅದಕ್ಕೆ ಮೂಲ ಲಂಡನ್‌ನಲ್ಲಿ ಪೆನ್ಸಿಲ್ವೇನಿಯಾದ ಬಿಷಪ್ ಎಥೆಲ್ಬರ್ಟ್ ಟಾಲ್ಬಟ್ ಮಾಡಿದ ಪ್ರವಚನ. ಮೂಲ ತಿಳಿಯದಿದ್ದರೆ ಹೆಸರು ಹಾಕದೆ ಬರೆಯಿರಿ.

ಕೆಲವು ನುಡಿಗಳನ್ನು ಗೋಡೆಯಿಂದ ಅಳಿಸಲೇಬೇಕು. ‘ಗೆಲುವೊಂದೇ ಗುರಿ’ ಎಂಬುದು ಅವುಗಳಲ್ಲಿ ಮೊದಲನೆಯದು. ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ವಯಸ್ಸು ಮರೆಮಾಚಿ ಮಕ್ಕಳನ್ನು ಇಳಿಸುವ ಅಭ್ಯಾಸಕ್ಕೆ, ನಿಜ ವಯಸ್ಸಿನ ಮಗು ಸೋತು ಆಟವನ್ನೇ ಬಿಡುವುದಕ್ಕೆ ಇಂಥ ಮಾತುಗಳೇ ಕುಮ್ಮಕ್ಕು. ಅದರ ಇನ್ನೊಂದು ತುದಿಯಲ್ಲಿ ಉದ್ದೀಪನ ಮದ್ದು ನಿಂತಿದೆ: 2023ರಲ್ಲಿ 5,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದ ದೇಶಗಳ ಪೈಕಿ ಸಿಕ್ಕಿಬಿದ್ದವರ ಪ್ರಮಾಣ ಭಾರತದಲ್ಲೇ ಅತಿ ಹೆಚ್ಚು. ‘ನೋವು ನುಂಗಿದವನೇ ವೀರ’ ಎಂಬ ಬಗೆಯ ಮಾತೂ ಬೇಡ. ಮೊಣಕಾಲು ಊದಿಕೊಂಡಾಗ ಶಿಕ್ಷಕರಿಗೆ ಹೇಳಲು ಮಗು ಹಿಂಜರಿಯುವಂತೆ ಅದು ಮಾಡುತ್ತದೆ.

ಗೀತೆಯ ‘ಕರ್ಮಣ್ಯೇವಾಧಿಕಾರಸ್ತೇ’ ಎಂಬ ಸಾಲನ್ನು ಮಾತ್ರ ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಪ್ಯಾರಿಸ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಂಚು ಗೆದ್ದ ಮನು ಭಾಕರ್, ಕೊನೆಯ ಹೊಡೆತಗಳ ಹೊತ್ತಿಗೆ ಗೀತೆಯಲ್ಲಿ ಓದಿದ ಈ ಮಾತನ್ನೇ ನೆನೆದೆನೆಂದು ಹೇಳಿದ್ದರು. ಫಲದ ಚಿಂತೆ ಬಿಟ್ಟು ಮಾಡುವ ಕೆಲಸದ ಮೇಲೆ ಗಮನ ಇಡುವುದು ಎಲ್ಲ ಕ್ರೀಡೆಗೂ ಒಗ್ಗುವ ತರಬೇತಿ. ಆದರೆ 2021ರ ಟೋಕಿಯೊದಲ್ಲಿ ಪಿಸ್ತೂಲು ಕೆಟ್ಟು ನಿರಾಸೆಯಿಂದ ಮರಳಿದ ಅವರಿಗೆ ಮತ್ತೆ ಬೆನ್ನಾದದ್ದು ತರಬೇತುದಾರ ಜಸ್ಪಾಲ್ ರಾಣಾ ಅವರೊಡನೆ ನಡೆದ ದಿನನಿತ್ಯದ ಅಭ್ಯಾಸ ಎಂಬುದನ್ನೂ ಮಕ್ಕಳಿಗೆ ಹೇಳಿ. 1952ರ ಹೆಲ್ಸಿಂಕಿಯಲ್ಲಿ ಕುಸ್ತಿಯಲ್ಲಿ ಕಂಚು ತಂದ ಕೆ.ಡಿ. ಜಾಧವ್ ಅವರ ಪ್ರಯಾಣದ ಖರ್ಚಿಗೆ ಕೊಲ್ಹಾಪುರದ ಅವರ ಕಾಲೇಜಿನ ಪ್ರಾಂಶುಪಾಲರು ಮನೆಯನ್ನೇ ಅಡವಿಟ್ಟರು. ಅಂಥ ಒಬ್ಬ ಹಿರಿಯರು ಸಿಗದ ಎಷ್ಟು ಜಾಧವರು ಮಣ್ಣಿನ ಅಖಾಡದಲ್ಲೇ ಉಳಿದುಹೋದರೋ. ಮುಂದಿನ ವೈಯಕ್ತಿಕ ಪದಕಕ್ಕೆ ದೇಶ 1996ರವರೆಗೆ, 44 ವರ್ಷ ಕಾಯಬೇಕಾಯಿತು.

ಬರೆಯುವ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಒಂದು ಗೋಡೆಗೆ ಒಂದೇ ನುಡಿ ಸಾಕು, ಎಂಟು ಪದ ಮೀರದಿರಲಿ, ಮೂರನೇ ತರಗತಿಯ ಮಗು ತಾನೇ ಓದುವಷ್ಟು ದೊಡ್ಡ ಅಕ್ಷರದಲ್ಲಿರಲಿ, ಮೈದಾನದ ಕಡೆಗೆ ಮುಖ ಮಾಡಿರಲಿ. ಪ್ರತಿ ಅವಧಿಗೆ ಒಂದನ್ನು ಬದಲಾಯಿಸಿ, ಯಾವುದನ್ನು ಉಳಿಸಬೇಕೆಂದು ಆಡುವ ಮಕ್ಕಳನ್ನೇ ಕೇಳಿ. ಬದಲಾಯಿಸುವ ದಿನ ಹಾಜರಿ ಪುಸ್ತಕವನ್ನೂ ತೆರೆದು, ಅಭ್ಯಾಸಕ್ಕೆ ಬರುವವರ ಸಂಖ್ಯೆ, ಅದರಲ್ಲೂ ಹುಡುಗಿಯರ ಸಂಖ್ಯೆ, ಹಿಂದಿನ ಅವಧಿಗಿಂತ ಏರಿದೆಯೇ ನೋಡಿ. ಇಳಿದಿದ್ದರೆ ಬಿಟ್ಟುಹೋದ ಮಕ್ಕಳ ಮನೆಗೆ ಆ ವಾರವೇ ಹೋಗಿ ಬನ್ನಿ. ಬಣ್ಣಕ್ಕೆಂದು ಬಂದ ಹಣ ಕಡಿಮೆಯಿದ್ದರೆ ಮೊದಲು ಮೈದಾನದ ಕಲ್ಲು ಆರಿಸಿ, ಸುಣ್ಣದಿಂದ ಟ್ರ್ಯಾಕಿನ ಗೆರೆಗಳನ್ನು ಹಾಕಿಸಿ. ಗೋಡೆಯ ಬರಹ ಮುಂದಿನ ವರ್ಷಕ್ಕೆ ಇರಲಿ.